ಓದಿದವರು ವಿದೇಶಕ್ಕೆ ಹೋದರೆ ಊರಿಗೆ ಲಾಭವೋ ನಷ್ಟವೋ: ಲೆಕ್ಕ ಹಾಕುವ ಕ್ರಮ

ವಿಶ್ವ ಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶಗಳಿಂದ ಭಾರತದ ಮನೆಗಳಿಗೆ ಬಂದದ್ದು ಸುಮಾರು 129 ಬಿಲಿಯನ್ ಡಾಲರ್. ಇದರಲ್ಲಿ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಗೆ ದಕ್ಕಿದ್ದೆಷ್ಟು ಎಂಬುದು ಮನೆಮನೆ ಸುತ್ತಿದರೆ ಮಾತ್ರ ಗೊತ್ತಾಗುತ್ತದೆ.

ಒಂದೇ ಊರಿನ 40–50 ಮನೆ ಸಾಕು. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಹೋಗಬೇಡಿ, ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬೆಂಗಳೂರು ಸೇರಿದವರನ್ನು ಬೇರೆ ಪಟ್ಟಿಯಲ್ಲಿಡಿ. ಅವರ ದುಡಿಮೆ, ತೆರಿಗೆ ದೇಶದೊಳಗೇ ಉಳಿಯುತ್ತದೆ.

"ಎಷ್ಟು ಕಳಿಸ್ತಾನೆ?" ಎಂದು ಶುರುಮಾಡಿದರೆ ತೆರಿಗೆಗೆ ಹೆದರಿ ಕಡಿಮೆ ಹೇಳುತ್ತಾರೆ. ಮಕ್ಕಳು ಕೊಟ್ಟ ಹಣಕ್ಕೆ ತಂದೆ-ತಾಯಿ ಆದಾಯ ತೆರಿಗೆ ಕಟ್ಟಬೇಕಿಲ್ಲ ಎಂದು ಮೊದಲೇ ತಿಳಿಸಿ, ಸಾಲದಿಂದ ಮಾತು ಆರಂಭಿಸಿ.

ಉದಾಹರಣೆಗೆ, ಓದಿಗೆ ಅಪ್ಪ 40 ಲಕ್ಷ ಸಾಲ ಮಾಡಿದ್ದಾರೆ, ಬಡ್ಡಿ ಶೇ. 11. ವರ್ಷಕ್ಕೆ ಬಡ್ಡಿಯೇ 4.4 ಲಕ್ಷ. ಮಗ ಕಳಿಸುವುದು 6 ಲಕ್ಷ, ಉಳಿದದ್ದು 1.6 ಲಕ್ಷ. ಕೊಳೆರೋಗಕ್ಕೆ ಔಷಧಿ ಹೊಡೆಸಲು, ಅಡಿಕೆ ಸುಲಿಸಲು ಮನೆಯಲ್ಲಿ ಜನವಿಲ್ಲ. ತೋಟ ನೋಡಿಕೊಳ್ಳುವವರಿಗೆ ತಿಂಗಳಿಗೆ 15,000, ಅಂದರೆ 1.8 ಲಕ್ಷ. ಅಸಲಿನ ಮಾತು ಬಿಡಿ, ಮನೆಗೆ ಆಗಲೇ 20,000 ನಷ್ಟ. ಆದರೆ ಆ ಸಂಬಳ ಪಡೆದವರು ಇದೇ ಊರಿನವರಾದರೆ ಅದು ಊರಿನ ಆದಾಯ. ಬಡ್ಡಿ ಮಾತ್ರ ಹೊರಗೆ ಹೋಯಿತು. ಅದಕ್ಕೇ ಮನೆಯ ಲೆಕ್ಕಕ್ಕೊಂದು ಹಾಳೆ, ಊರಿನ ಲೆಕ್ಕಕ್ಕೊಂದು ಹಾಳೆ. ಕಂತನ್ನು ಮಗನೇ ಬೇರೆಯಾಗಿ ಬ್ಯಾಂಕಿಗೆ ಕಟ್ಟುತ್ತಿದ್ದರೆ ಈ 6 ಲಕ್ಷದಲ್ಲಿ ಬಡ್ಡಿ ಕಳೆಯಬೇಡಿ.

ಸರ್ಕಾರಿ ಸೀಟಿನಲ್ಲಿ ಓದಿದ ಡಾಕ್ಟರು, ನರ್ಸುಗಳಿದ್ದರೆ ಕಾಲೇಜಿಗೆ ತಗುಲಿದ ವೆಚ್ಚದಲ್ಲಿ ಅವರು ಕಟ್ಟಿದ ಫೀಸು ಕಳೆಯಿರಿ. ಉಳಿದದ್ದು ಜನರ ದುಡ್ಡು. ಅದು ಊರ ಹಾಳೆಗಲ್ಲ, ರಾಜ್ಯದ ಖಾತೆಗೆ.

ಹೆಚ್ಚಿನವರು ಎಡವುವುದು ಜಮೀನಿನಲ್ಲಿ. ಅನಿವಾಸಿ ಭಾರತೀಯರು ಕೃಷಿ ಭೂಮಿ, ತೋಟ ಖರೀದಿಸುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಹಾಗಾಗಿ ಡಾಲರಿನ ದುಡ್ಡು ಅಪ್ಪನ ಹೆಸರಿನ ಪಹಣಿಯಲ್ಲಿ ಅಡಗಿರುತ್ತದೆ. ಐದು ವರ್ಷಗಳಲ್ಲಿ ಕೊಂಡ ಜಮೀನಿಗೆ ಹಣ ಎಲ್ಲಿಂದ ಬಂತು ಎಂದು ಬೇರೆಯಾಗಿ ಕೇಳಿ. ಪಕ್ಕದ ಸಣ್ಣ ಹಿಡುವಳಿದಾರನಿಗೆ ಎಕರೆ ಎಟುಕದಷ್ಟು ದುಬಾರಿಯಾಗಿದ್ದರೆ ಅದನ್ನೂ ಬರೆಯಿರಿ.

ಕೊನೆಗೆ, ಹೋಗದಿದ್ದರೆ ಇವರು ಊರಲ್ಲೇ ಇರುತ್ತಿದ್ದರೇ? ಮಂಗಳೂರಿಗೆ ಹೇಗೂ ಹೋಗುತ್ತಿದ್ದ ನರ್ಸನ್ನು ವಿದೇಶದಿಂದಾದ ನಷ್ಟಕ್ಕೆ ಸೇರಿಸುವುದು ತಪ್ಪು. ಗಲ್ಫ್ ಆಸೆಯಿಂದ ನರ್ಸಿಂಗ್ ಓದಿ, ವೀಸಾ ಸಿಗದೆ ಶಿವಮೊಗ್ಗದಲ್ಲೇ ಕೆಲಸಕ್ಕೆ ನಿಂತವರನ್ನು ಲಾಭದ ಕಡೆ ಬರೆಯಿರಿ, ಆ ಆಸೆ ಇಲ್ಲದಿದ್ದರೆ ಅವರು ಆ ಓದಿಗೇ ಹೋಗುತ್ತಿರಲಿಲ್ಲ.