ಮೊದ್ಲು ಮಾಡು (ಚಾವಣಿ), ಆಮೇಲೆ ಗೋಡೆ: ಮಳೆಗಾಲದಲ್ಲೇ ಮನೆ ಕಟ್ಟಿದ ನನ್ನ ಅನುಭವ

ಕುಮಟಾ, ಹೊನ್ನಾವರ, ಅಂಕೋಲಾ ಬದಿಯಲ್ಲಿ ಮನೆ ಕಟ್ಟೋರ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ದೀಪಾವಳಿ ಮುಗೀತಿದ್ದಂಗೆ ಪಾಯ, ಮೇ ತಿಂಗ್ಳ ಒಳಗೆ ಸ್ಲ್ಯಾಬ್ ಬಿತ್ತು ಅಂದ್ರೆ ಬಚಾವು, ಬೀಳ್ಲಿಲ್ಲ ಅಂದ್ರೆ ಅರ್ಧ ಎದ್ದ ಗೋಡೆಗೆ ತೆಂಗಿನ ಮಡ್ಲು ಹೊದಿಸಿ ಇನ್ನೊಂದು ವರ್ಷ ಬಾಡಿಗೆ ಕಟ್ಟೋದು. ನಾನು ಇದನ್ನ ಉಲ್ಟಾ ಮಾಡ್ದೆ. ಪಂಚಾಂಗ, ಅಂದ್ರೆ ಪಾಯದ ಮೇಲಿನ ಕಟ್ಟೆ, ಆದ ಕೂಡ್ಲೇ ಕಂಬ ನಿಲ್ಸಿ, ಏಪ್ರಿಲ್ ಒಳಗೆ ಮಾಡು ಹಂಚು ಎಲ್ಲ ಮುಗಿಸ್ದೆ, ಆಗ ಗೋಡೆ ಅಂತ ಒಂದು ಕಲ್ಲೂ ಇಟ್ಟಿರ್ಲಿಲ್ಲ. ಆಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಧೋ ಅಂತ ಮಳೆ ಹೊಯ್ತಿರೋವಾಗ ಅದೇ ಮಾಡಿನ ಅಡಿಗೆ ಗೋಡೆ ಎತ್ತಿಸ್ದೆ. ದಾರೀಲಿ ಹೋಗೋರೆಲ್ಲ ನಿಂತು "ಎಂತ ನಾಯ್ಕ್ರೆ, ಕಲ್ಯಾಣ ಮಂಟಪನಾ?" ಅಂತ ಕೇಳ್ತಿದ್ರು. ನನ್ನ ಷಡ್ಕ ಅಂತೂ ಆಯಿ ಹತ್ರ ಹೋಗಿ "ದುಡ್ಡು ನೀರಿಗೆ ಹಾಕ್ತಾ ಇದ್ದಾನೆ, ನೀವಾದ್ರೂ ಹೇಳಿ" ಅಂದಿದ್ದ. ಈಗ ಆ ಮನೇಲಿ ಎರಡು ಮಳೆಗಾಲ ಕಳೀತು, ಗೋಡೆಗೆ ಒಂದು ಬಿರುಕಿಲ್ಲ, ಅದಕ್ಕೇ ಬರೀತಾ ಇರೋದು.

ನನ್ನ ಕೆಲ್ಸ ಫ್ಯಾಬ್ರಿಕೇಶನ್. ಹೆಚ್ಚು ಕಮ್ಮಿ ಹದಿನೈದು ವರ್ಷದಿಂದ ಜನರ ಟೆರೇಸ್ ಮೇಲೆ ಟ್ರಸ್ (ಮಾಡಿನ ಕಬ್ಬಿಣದ ಚೌಕಟ್ಟು) ನಿಲ್ಸಿ ಶೀಟ್ ಹೊದಿಸೋದೇ ದಂಧೆ. ಅಂದ್ರೆ ಲಕ್ಷಗಟ್ಲೆ ಕೊಟ್ಟು ಸ್ಲ್ಯಾಬ್ ಹಾಕಿಸ್ತಾರೆ, ನಾಲ್ಕೈದು ಮಳೆಗೆ ಸೋರ್ತದೆ, ಆಮೇಲೆ ಮತ್ತೆ ನನ್ನ ಕರೆಸಿ ಅದರ ಮೇಲೊಂದು ಮಾಡು. ಹೊಟ್ಟೆಪಾಡು ನಡೆದಿದ್ದೇ ಅದ್ರಿಂದ ಅನ್ನಿ, ಬೈಬಾರ್ದು. ಆದ್ರೆ ವರ್ಷಕ್ಕೆ 3000 ಮಿ.ಮೀ. ಮೇಲೆ ಹೊಯ್ಯೋ ಊರಲ್ಲಿ ಹೇಗಿದ್ರೂ ಮಾಡು ಬೇಕೇ ಬೇಕು ಅಂತಾದ್ರೆ ಅದನ್ನೇ ಮೊದ್ಲು ಮಾಡಿದ್ರೆ ಎಂತ ಅಂತ ಬಹಳ ದಿನದಿಂದ ತಲೇಲಿತ್ತು. ಬೇರೆಯವ್ರ ಮನೆ ಮೇಲೆ ಪ್ರಯೋಗ ಮಾಡೋಕೆ ಆಗ್ತದಾ, ಸ್ವಂತದ್ದೇ ಬೇಕಾಯ್ತು.

ಪಾಯದ ಬಗ್ಗೆ ಹೆಚ್ಚು ಹೇಳೋದಿಲ್ಲ, ನಮ್ಮದು ಜಂಬಿಟ್ಟಿಗೆ ನೆಲ, ಎರಡೂವರೆ ಅಡಿಗೆ ಹಾರೆ ಠಣ್ ಅಂತು. ಪಂಚಾಂಗ ಮಾತ್ರ ಎತ್ತರ ತಗೊಂಡೆ, ಅಂಗಳದಿಂದ ಎರಡೂವರೆ ಅಡಿ. ಕಾಂಕ್ರೀಟಿಗೆ ಪೂರ್ತಿ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಅಳಿವೆ ಬದಿಯಿಂದ ಬರೋ ಮರಳು ನಾಲಿಗೆಗೆ ಇಟ್ರೇ ಉಪ್ಪು, ಅದ್ರಲ್ಲಿ ಹಾಕಿದ ಕಂಬಿ ಎಂತ ಆಗ್ತದೆ ಅಂತ ನಾನು ಎಷ್ಟು ಮನೆಯಲ್ಲಿ ನೋಡಿದ್ದೇನೆ, ಸ್ಲ್ಯಾಬ್ ಅಡಿಯಿಂದ ಚಕ್ಕೆ ಚಕ್ಕೆ ಎದ್ದು ಬೀಳ್ತದೆ.

ಕಂಬ 4 ಇಂಚಿನ ಚೌಕ ಪೈಪು, ಹದಿನಾಲ್ಕು. ಪಂಚಾಂಗದ ಬೀಮ್ ಮೇಲೆ ಅರ್ಧ ಅಡಿ ಕಾಂಕ್ರೀಟ್ ಪೀಠ, ಅದಕ್ಕೆ ಬೋಲ್ಟು. ಮಾಡಿನ ಇಳಿಜಾರು 30 ಡಿಗ್ರಿಗೆ ಸ್ವಲ್ಪ ಮೇಲೆ, ಸೂರು ಸುತ್ತಲೂ ಮೂರೂವರೆ ಅಡಿ, ಪಡುವಣಕ್ಕೆ ಮಾತ್ರ ನಾಲ್ಕೂವರೆ. 950 ಚದರಡಿ ಮನೆಗೆ ಮಾಡೇ 1600 ಚದರಡಿ ದಾಟ್ತು. ಕಬ್ಬಿಣ ಸುಮಾರು ಮೂರು ಟನ್ನಿಂದ ಚೂರು ಮೇಲೆ, ನನಗೆ ಅಂಗಡಿ ರೇಟಲ್ಲಿ ಸಿಗ್ತದೆ, ಆದ್ರೂ ಎರಡು ಲಕ್ಷದ 30-40 ಸಾವಿರ ಹೋಯ್ತು. ಹಂಚು ಹಳೇದು, ಸಿದ್ದಾಪುರ ಬದಿಯ ಒಂದು ಹಳೇ ಮನೆ ಬಿಚ್ಚಿದ್ದು, ಒಂದಕ್ಕೆ 10 ರೂಪಾಯಿ ಹಾಗೆ 2500 ತಂದೆ. ಹೊಸದಾದ್ರೆ ಮೂರು ಪಟ್ಟು. ಹಳೇ ಹಂಚು ತಗೊಳ್ಳೋರಿಗೆ ಒಂದು ಮಾತು, ರೀಪು (ಹಂಚು ಕೂರೋ ಅಡ್ಡಪಟ್ಟಿ) ಹೊಡಿಯೋ ಮೊದ್ಲು ಹತ್ತಿಪ್ಪತ್ತು ಹಂಚು ನೆಲದ ಮೇಲೆ ಜೋಡ್ಸಿ ಅಳತೆ ತೆಗೀರಿ. ಒಂದೊಂದು ಫ್ಯಾಕ್ಟರಿ ಹಂಚು ಅರ್ಧ ಅರ್ಧ ಇಂಚು ವ್ಯತ್ಯಾಸ ಇರ್ತದೆ, ವೆಲ್ಡ್ ಮಾಡಿದ ರೀಪು ಆಮೇಲೆ ಸರಿಸೋಕೆ ಬರೋದಿಲ್ಲ.

ಈಗ ದುಡ್ಡಿನ ಕತೆ. ಬ್ಯಾಂಕ್ ಲೋನ್ ಕೊಡೋದು ಹಂತ ಹಂತವಾಗಿ ಅಲ್ದಾ, ಪಂಚಾಂಗಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಮಾಡಿಗೆ ಇಷ್ಟು. ನನ್ನ ಮಾಡು ಎದ್ದು ನಿಂತಿದೆ, ಲಿಂಟಲ್ ಇಲ್ಲ. ಬ್ಯಾಂಕಿನವ್ರು ಬಂದು ಫೋಟೋ ತೆಗ್ದು ಹೋದ್ರು, "ಲಿಂಟಲ್ ಸ್ಟೇಜ್ ಆಗ್ಲಿ ಸರ್, ಎರಡೂ ಒಟ್ಟಿಗೆ ರಿಲೀಸ್ ಮಾಡುವಾ" ಅಂದ್ರು. ಗೋಡೆ ಕಟ್ಟೋಕೆ ದುಡ್ಡು ಬೇಕು, ದುಡ್ಡು ಬರೋಕೆ ಗೋಡೆ ಬೇಕು. ಅವ್ರ ಫಾರ್ಮಲ್ಲಿ ಹಾಗೇ ಇದೆ, ವಾದ ಮಾಡಿ ಪ್ರಯೋಜನ ಇಲ್ಲ. ಕಡೆಗೆ ಮನೆಯವಳ ಬಂಗಾರ ಸೊಸೈಟಿಯಲ್ಲಿ ಇಟ್ಟು ಎರಡೂವರೆ ಲಕ್ಷ ಎತ್ತಿದೆ. ಐದಾರು ತಿಂಗ್ಳ ಬಡ್ಡಿ ಹತ್ತು ಹನ್ನೆರಡು ಸಾವಿರ ಆಯ್ತು, ಮನೇಲಿ ಕೇಳಿದ ಮಾತಿಗೆ ಲೆಕ್ಕ ಇಲ್ಲ. ಈ ಪದ್ಧತಿಯಲ್ಲಿ ಹೋಗೋರು ಮೊದ್ಲೇ ಮೂರು ಲಕ್ಷ ಕೈಯಲ್ಲಿ ಇಟ್ಕೊಂಡು ಇಳೀರಿ.

ಮೇ ಕೊನೇಲಿ ಮೊದಲ ಹೊಡ್ತ ಬಿತ್ತು. ಗೋಡೆ ಇಲ್ಲದ ಮಾಡು ಅಂದ್ರೆ ಗಾಳಿ ಅಡಿಯಿಂದ ನುಗ್ಗಿ ಮೇಲಕ್ಕೆತ್ತುತ್ತದೆ. ಸಂಜೆ ಗುಡುಗು ಗಾಳಿ ಬಂತು ನೋಡಿ, ಪಡುವಣ ಸೂರಿನ ಎರಡು ಸಾಲು ಹಂಚು ಎದ್ದು ಅಂಗಳಕ್ಕೆ, ಅರವತ್ತು ಎಪ್ಪತ್ತು ಪುಡಿ. ಮರುದಿನ ಬೆಳಿಗ್ಗೆ ನೋಡೋಕೆ ಬಂದ ಜನ ಗೃಹಪ್ರವೇಶಕ್ಕೂ ಬಂದಿಲ್ಲ ಬಿಡಿ. ಮಂಗಳೂರು ಹಂಚಿನ ಅಡಿ ಮಗ್ಲಿಗೆ ಒಂದು ಸಣ್ಣ ಮೂಗು ಇರ್ತದೆ, ಅದ್ರಲ್ಲಿ ತೂತು. ಹೆಚ್ಚಿನವ್ರು ಅದು ಎಂತಕ್ಕೆ ಅಂತನೇ ಕೇಳೋದಿಲ್ಲ. ತಂತಿ ಹಾಕಿ ರೀಪಿಗೆ ಬಿಗಿಯೋಕೇ ಅದು ಇರೋದು. ಹಳೇ ಹಂಚಲ್ಲಿ ಆ ತೂತು ಮಣ್ಣು ಪಾಚಿ ಸೇರಿ ಮುಚ್ಚಿರ್ತದೆ, ಮೊಳೆ ತಗೊಂಡು ಮೆಲ್ಲಗೆ ಕೆರೆದು ಬಿಡಿಸ್ಬೇಕು, ಜೋರು ಮಾಡಿದ್ರೆ ಮೂಗೇ ಮುರೀತದೆ. ಸುತ್ತಲೂ ಸೂರಿನ ಕೆಳಗಿನ ಮೂರು ಸಾಲು, ಮತ್ತೆ ನೆತ್ತಿಯ ಪಕ್ಕದ ಒಂದು ಸಾಲು, ಎಲ್ಲ ಕಟ್ಟಿಸ್ದೆ. ಕಂಬದ ನಡುವೆ ಅಡ್ಡಡ್ಡ ರಾಡು, ಪಡುವಣಕ್ಕೆ ನರ್ಸರಿಯವ್ರ ಹಸಿರು ನೆಟ್ ಎರಡು ಪದರ. ಅದಾದ್ಮೇಲೆ ಜುಲೈನಲ್ಲಿ ಎಂತೆಂಥ ಗಾಳಿ ಬಂತು, ಒಂದು ಹಂಚೂ ಅಲ್ಲಾಡ್ಲಿಲ್ಲ.

ಕಲ್ಲಿನ ವಿಷ್ಯದಲ್ಲಿ ಸ್ವಲ್ಪ ಜಂಭ ಕೊಚ್ಕೊಳ್ತೇನೆ. ಮಳೆ ಬಂದ್ರೆ ಕಲ್ಲಿನ ಕ್ವಾರಿಯಲ್ಲಿ ನೀರು ತುಂಬಿ ಕೆಲ್ಸ ಬಂದ್, ಹಾಗಾಗಿ ಮೊದ್ಲೇ ತರ್ಬೇಕು. ನಾನು ಫೆಬ್ರವರಿಯಲ್ಲೇ 2500 ಚಿರೇಕಲ್ಲು (ಜಂಬಿಟ್ಟಿಗೆ ಕಲ್ಲು) ಇಳಿಸ್ಕೊಂಡೆ, ಆಗ ಜಾಗಕ್ಕೆ ಬಂದು ಒಂದಕ್ಕೆ 40 ರೂಪಾಯಿ ಆಸುಪಾಸು. ಬೇಕಂತ್ಲೇ ಬಯಲಲ್ಲಿ ಇಟ್ಟೆ. ಚಿರೇಕಲ್ಲು ಕಡ್ದು ತಂದಾಗ ಮೆತ್ತಗೆ, ಗಾಳಿ ಬಿಸಿಲು ತಾಗ್ತಾ ಗಟ್ಟಿ ಆಗ್ತದೆ, ಅದು ನಿಮ್ಗೂ ಗೊತ್ತು. ಆದ್ರೆ ಜೂನಿನ ಮೊದಲ ಎರಡು ವಾರದ ಮಳೆಗೂ ಹಾಗೇ ಬಿಟ್ಟೆ, ಗವಂಡಿ (ಗಾರೆ ಕೆಲ್ಸದವ) "ಎಂತ ಮರ್ಲಾ" ಅನ್ನೋ ಹಾಗೆ ನೋಡ್ದ. ಒಳಗೆ ಹಳದಿ ಬಿಳಿ ಜೇಡಿ ಇದ್ದ ಕಲ್ಲೆಲ್ಲ ತೊಳ್ಕೊಂಡು ಹೋಗಿ ಜೇನುಗೂಡಿನ ಹಾಗೆ ಆಯ್ತು, ನೂರಕ್ಕೆ ಏಳೆಂಟು. ಅದನ್ನ ಅಂಗಳದ ಕಟ್ಟೆಗೆ ಹಾಕ್ದೆ. ಬೇಸಿಗೇಲಿ ಕಟ್ಟಿದ್ರೆ ಅವೂ ಗೋಡೆ ಸೇರಿ, ಮೇಲೆ ಪ್ಲಾಸ್ಟರ್ ಬಿದ್ದು, ಐದು ವರ್ಷಕ್ಕೆ ಉಬ್ಬಿ ಬರ್ತಿದ್ವು. ನನ್ನ ಗೋಡೆಗೆ ಹೊರಗಡೆ ಪ್ಲಾಸ್ಟರೇ ಇಲ್ಲ, ಬರೀ ಪಾಯಿಂಟಿಂಗ್. ಪ್ಲಾಸ್ಟರ್ ಇಲ್ದೆ ನಿಲ್ತದಾ ಅಂತ ಕೇಳಿದವ್ರಿಗೆ ಕುಮಟಾ ಹತ್ರದ ಮಿರ್ಜಾನ ಕೋಟೆ ನೋಡಿ ಬನ್ನಿ ಅಂದೆ, ಅದೂ ಚಿರೇಕಲ್ಲೇ, ಅದಕ್ಕೆ ಸೂರೂ ಇಲ್ಲ.

ಗಾರೆಯಲ್ಲಿ ಸರೀ ಪೆಟ್ಟು ಬಿತ್ತು. ಹಳೇ ಮನೆಗಳಲ್ಲಿ ಇದ್ದ ಹಾಗೆ ಮಣ್ಣು ಮತ್ತು ಚಿಪ್ಪಿ ಸುಣ್ಣದಲ್ಲೇ ಕಟ್ಟುವಾ ಅಂತ ಪ್ಲಾನ್ ಇತ್ತು, ಸುಣ್ಣ ಅರಳಿಸಿ ಡ್ರಮ್ಮಲ್ಲಿ ಇಟ್ಟಾಗಿತ್ತು. ಬೇಸಿಗೇಲಿ ಮಾಡಿದ ಸ್ಯಾಂಪಲ್ ಗೋಡೆ ಕಲ್ಲಾಗಿತ್ತು. ಜೂನ್ ಕೊನೆಗೆ ಅದೇ ಗಾರೆ, ಹತ್ತು ದಿನ ಆದ್ರೂ ಬೆರಳು ಒತ್ತಿದ್ರೆ ಒಳಗೆ ಹೋಗ್ತದೆ. ಸುಣ್ಣಕ್ಕೆ ಗಟ್ಟಿ ಆಗೋಕೆ ಗಾಳಿ ಆಡ್ಬೇಕು, ತೇವ ಇಳೀಬೇಕು, ನಮ್ಮ ಜುಲೈನಲ್ಲಿ ಹೊದ್ದ ಕಂಬ್ಳಿನೇ ಒಣಗೋದಿಲ್ಲ. ಮೇಲಿಂದ ಕಲ್ಲೂ ನೀರು ಕುಡ್ದು ತುಂಬಿರ್ತದೆ, ಗಾರೆ ನೀರು ಎಳ್ಕೊಳ್ಳೋದಿಲ್ಲ, ನಾಲ್ಕನೇ ವರಸೆ (ಕಲ್ಲಿನ ಸಾಲು) ಇಟ್ಟ ಕೂಡ್ಲೇ ಕೆಳಗಿಂದು ಜಾರಿ ಹೊರಗೆ ಬಂತು. ಅಡುಗೆ ಮನೆಯ ಒಂದು ಗೋಡೆ ಪೂರ್ತಿ ಬಿಚ್ಚಿದ್ವಿ. ಕೂಲಿ ಲೆಕ್ಕದಲ್ಲಿ ಎಂಟ್ಹತ್ತು ಸಾವಿರ ಅಲ್ಲೇ ಹೋಯ್ತು.

ಆಮೇಲೆ ಅದೇ ಮಣ್ಣಿಗೆ ಸಿಮೆಂಟ್ ಸೇರಿಸ್ದೆ, ಒಂದಕ್ಕೆ ನಾಲ್ಕು ಮಣ್ಣು, ಆರು ಮರಳು ಹತ್ರ ಹತ್ರ, ನಿಮ್ಮ ಮಣ್ಣಿನ ಜಿಗುಟು ನೋಡಿ ಆಚೆ ಈಚೆ ಮಾಡ್ಕೊಳ್ಳಿ. ಜೊತೆಗೆ ಇನ್ನೊಂದು ಚೂರು ಎಂತದೋ ಹಾಕ್ತೇನೆ, ಅದನ್ನ ಹೇಳೋದಿಲ್ಲ, ಗವಂಡಿಗೂ ಹೇಳಿಲ್ಲ. ಕಲ್ಲು ಒಂದು ವಾರ ಮೊದ್ಲೇ ಮಾಡಿನ ಅಡಿಗೆ ತಂದು ಸಂದು ಬಿಟ್ಟು ಪೇರಿಸೋದು, ಗಾರೆ ಗಟ್ಟಿ ಕಲಸೋದು, ತೆಳ್ಳಗೆ ಹಾಕೋದು. ದಿನಕ್ಕೆ ಒಂದು ಗೋಡೆಗೆ ಎರಡೇ ವರಸೆ, ಆದ್ರೆ ಎಲ್ಲಾ ಕೋಣೆ ಸುತ್ತು ಹಾಕ್ತಾ ಹೋಗೋದು, ಹಾಗಾಗಿ ಮನೆಯೆಲ್ಲ ಒಟ್ಟಿಗೇ ಏಳ್ತದೆ. ನೀರು ಹಾಕೋ ಕೆಲ್ಸ ಇಲ್ಲ, ತೇವದ ಗಾಳಿನೇ ಕ್ಯೂರಿಂಗ್. ಕಂಬ ಮೊದ್ಲೇ ನೆಟ್ಟಗೆ ನಿಂತಿರೋದ್ರಿಂದ ಗೋಡೆ ನೆಟ್ಟಗಿದ್ಯಾ ಅಂತ ತೂಗುಗುಂಡು ಬಿಡೋದೂ ಕಮ್ಮಿ, ಕಂಬದಿಂದ ಕಂಬಕ್ಕೆ ದಾರ ಎಳೆದ್ರೆ ಮುಗೀತು. ಸಿಮೆಂಟ್ ಮಾತ್ರ ಹತ್ತು ಚೀಲಕ್ಕಿಂತ ಜಾಸ್ತಿ ತರ್ಬೇಡಿ, ಹಲಗೆ ಮೇಲಿಟ್ರೂ ಗಂಟು ಕಟ್ತದೆ.

ಕಬ್ಬಿಣದ ಕಂಬನ ಗೋಡೆ ಒಳಗೆ ಹುಗಿಸೋಕೆ ಹೋಗ್ಬೇಡಿ, ಚಿರೇಕಲ್ಲು ನೀರು ಹಿಡಿದಿಡ್ತದೆ, ಪೈಪು ಒಳಗೊಳಗೇ ತಿಂದು ಹೋಗ್ತದೆ, ಗೊತ್ತಾಗೋದೂ ಇಲ್ಲ. ನನ್ನ ಕಂಬ ಎಲ್ಲ ಗೋಡೆಯಿಂದ ಎರಡು ಇಂಚು ಒಳಗೆ, ಬಿಡಿಯಾಗಿ. ಎರಡನ್ನೂ ಹಿಡಿದಿಡೋ ಕ್ಲಾಂಪ್ ನನ್ನದೇ ಡಿಸೈನು, ಬೇಕಾದ್ರೆ ಆರ್ಡರ್ ಕೊಡಿ, ಮಾಡಿ ಕೊಡ್ತೇನೆ. ವೈರಿಂಗ್ ಪೈಪೂ ಆ ಸಂದಲ್ಲೇ ಇಳೀತದೆ, ಕಲ್ಲು ಕೊರೆಯೋದು ತಪ್ಪಿತು.

ಆಳಿನ ವಿಷ್ಯದಲ್ಲಿ ಯಾರೂ ಎಣಿಸದ ಲಾಭ ಆಯ್ತು. ಮಳೆಗಾಲದಲ್ಲಿ ಗವಂಡಿಗಳಿಗೆ ಕೆಲ್ಸ ಇಲ್ಲ, 1100 ಇದ್ದ ಸಂಬಳ 900ಕ್ಕೆ ಒಪ್ಪಿದ್ರು, ಅದೂ ಒಳ್ಳೇ ಕೈ ಇದ್ದವ್ರು, ಸೀಸನ್ನಲ್ಲಿ ಫೋನೂ ಎತ್ತದವ್ರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಬಂದ್ ಇರ್ತದಲ್ಲ, ಬೋಟಿಗೆ ಹೋಗೋ ಹುಡುಗ್ರು ಮೂರು ಜನ ಕಲ್ಲು ಹೊರೋಕೆ ಬಂದ್ರು. ಕಟ್ಟು ಹಾಕೋದು, ಹಗ್ಗ ಬಿಗಿಯೋದು ಅವ್ರಿಗೆ ಹೇಳ್ಕೊಡ್ಬೇಕಾ. ಆಗಸ್ಟ್ ಬಂದ ಕೂಡ್ಲೇ ಹೋದ್ರು ಅನ್ನಿ, ಅಷ್ಟರಲ್ಲಿ ಲಿಂಟಲ್ ದಾಟಿತ್ತು, ಬ್ಯಾಂಕಿನ ದುಡ್ಡೂ ಬಂತು. ಗದ್ದೆ ನೆಟ್ಟಿ ಟೈಮಲ್ಲಿ ಹೆಣ್ಣಾಳು ಒಂದು ವಾರ ಸಿಗ್ಲಿಲ್ಲ, ಅದು ಯಾವ ವರ್ಷ ಆದ್ರೂ ಇದ್ದದ್ದೇ.

ಮಳೇಲಿ ಕಟ್ಟೋದ್ರ ದೊಡ್ಡ ಲಾಭ ಅಂದ್ರೆ ನೀರು ಎಲ್ಲಿಗೆ ಬರ್ತದೆ ಅಂತ ಕಣ್ಣಿಗೆ ಕಾಣ್ತದೆ. ಅಂಗಳದ ಕೆಸರು ಸಿಡಿದು ಗೋಡೆ ಮೇಲೆ ಎಷ್ಟು ಎತ್ತರ ಕಲೆ ಆಗ್ತದೆ, ಕಿಟಕಿ ಜಾಗಕ್ಕೆ ಇರಚಲು ಹೊಡೀತದಾ ಇಲ್ವಾ, ಎಲ್ಲ ಅಲ್ಲೇ. ನೈಋತ್ಯ ಮೂಲೆಯ ಕಿಟಕಿ ಡ್ರಾಯಿಂಗಲ್ಲಿ ಒಂದು ಕಡೆ ಇತ್ತು, ಮಳೆ ನೋಡಿ ನಾಲ್ಕಡಿ ಆಚೆ ಸರಿಸ್ದೆ. ಬಾಗ್ಲು ಕೂಡ ಆಗಸ್ಟಲ್ಲೇ ಕೂರಿಸ್ದೆ. ಮರ ಪೂರ್ತಿ ಉಬ್ಬಿರೋವಾಗ ದಾರಂದಕ್ಕೆ (ಬಾಗ್ಲ ಚೌಕಟ್ಟಿಗೆ) ಸರಿಯಾಗಿ ಉಜ್ಜಿ ಕೂರಿಸಿದ್ರೆ ಆಮೇಲೆ ಯಾವತ್ತೂ ಬಿಗಿಯೋದಿಲ್ಲ. ಮಾರ್ಚಲ್ಲಿ ಒಂದು ಬೆಂಕಿಕಡ್ಡಿ ದಪ್ಪ ಸಂದು ಬೀಳ್ತದೆ, ಬೀಳ್ಲಿ, ಸೆಖೆಗೆ ಒಳ್ಳೇದೇ.

ನಡುವೆ ಒಂದೆರಡು ಬೇರೆ ಪ್ರಯೋಗನೂ ಆಯ್ತು. ದಾರಂದಕ್ಕೆ ಮತ್ತಿ ಮರ, ಅದಕ್ಕೆ ಒರಲೆ (ಗೆದ್ದಲು) ಔಷಧಿ ಬದ್ಲು ಗೇರುಬೀಜದ ಸಿಪ್ಪೆ ಎಣ್ಣೆ ಬಳಿದೆ, ನಮ್ಮ ಕಡೆ ಹಳಬರು ದೋಣಿಗೂ ಬಳೀತಿದ್ರು. ಕೈಗೆ ತಾಗಿದ್ರೆ ಚರ್ಮ ಎದ್ದು ಬರ್ತದೆ, ಗ್ಲೌಸ್ ಇಲ್ದೆ ಮುಟ್ಬೇಡಿ, ನಮ್ಮ ಆಚಾರಿ ಒಂದು ವಾರ ಊಟಕ್ಕೆ ಚಮಚ ಹಿಡಿದ. ಒರಲೆ ಇವತ್ತಿಗೂ ಹತ್ತಿಲ್ಲ. ಕೊಟ್ಟಿಗೆ ಮಾಡಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ರೀಪು ಹಾಕಿದ್ದು ಮಾತ್ರ ಒಂದೇ ವರ್ಷಕ್ಕೆ ಕುಟ್ಟೆ ಹುಳ ಹಿಡಿದು ಪುಡಿ ಉದುರ್ತಾ ಇದೆ, ನೀರಲ್ಲಿ ನೆನೆಸಿಟ್ಟ ದಬ್ಬೆ ಆಗ್ಬೇಕಿತ್ತಂತೆ, ಈ ವರ್ಷ ಹಳ್ಳದಲ್ಲಿ ಹಾಕಿ ಇಟ್ಟಿದ್ದೇನೆ, ನೋಡುವಾ.

ಒಟ್ಟು ಲೆಕ್ಕ, ಬಾವಿ ಕಂಪೌಂಡು ಬಿಟ್ಟು, ನೆಲದ ಟೈಲ್ಸ್ ವೈರಿಂಗ್ ಎಲ್ಲ ಸೇರಿ 17 ಲಕ್ಷದ ಹತ್ರ. ಕಾಂಟ್ರಾಕ್ಟಿನವ್ರು ಚದರಡಿಗೆ 2100-2200 ಹೇಳಿದ್ರು, ಅಂದ್ರೆ 20-21 ಲಕ್ಷ ಆಗ್ತಿತ್ತು, ಅದ್ರ ಮೇಲೆ ಶೀಟಿನ ಖರ್ಚು ಬೇರೆ. ಒಂದು ವರ್ಷದ ಬಾಡಿಗೆನೂ ಉಳೀತು. ನನ್ನ ವೆಲ್ಡಿಂಗ್ ಕೂಲಿ ನಾನು ಹಿಡಿದಿಲ್ಲ, ನೀವು ಮಾಡೋದಾದ್ರೆ 60-70 ಸಾವಿರ ಸೇರಿಸ್ಕೊಳ್ಳಿ. ಕಬ್ಬಿಣಕ್ಕೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಪೇಂಟ್ ಬೇಕೇ ಬೇಕು, ಸಮುದ್ರದ ಗಾಳಿ. ಮೇಲೊಂದು ಮಹಡಿ ಬೇಕು ಅನ್ನೋರಿಗೆ ಈ ಪದ್ಧತಿ ಆಗೋದೇ ಇಲ್ಲ.

ಷಡ್ಕ ಈಗ ಗೋಕರ್ಣ ರೋಡಲ್ಲಿ ಜಾಗ ತಗೊಂಡು ಇದೇ ನಮೂನೆ ಶುರು ಮಾಡಿದ್ದಾನೆ, ಟ್ರಸ್ ನನ್ನದೇ. ಕಲ್ಲು ಫೆಬ್ರವರಿಯಲ್ಲೇ ಇಳಿಸ್ಕೊ ಮಾರಾಯ ಅಂತ ಹೇಳಿದ್ದೆ, ರೇಟು ಇಳೀತದೆ ಅಂತ ಮೇ ತನಕ ಕಾದ, ಈಗ ಲೋಡಿಗೆ ಮೂರು ಸಾವಿರ ಜಾಸ್ತಿ ಕೊಟ್ಟು ತರಿಸ್ತಾ ಇದ್ದಾನೆ.