ಕೋರ್ಟು ಮುಗಿಯುವವರೆಗೆ ಮಗು ಯಾರ ಬಳಿ? ಮಧ್ಯಂತರ ಆದೇಶ ಪಡೆಯುವ ಕ್ರಮ

ವಿಚ್ಛೇದನದ ಪ್ರಕರಣ ಇತ್ಯರ್ಥವಾಗಲು ವರ್ಷಗಳೇ ಹಿಡಿಯಬಹುದು. ಮಗುವಿನ ಶಾಲೆ, ಊಟ, ಜ್ವರ ಯಾವುದೂ ಅಲ್ಲಿಯವರೆಗೆ ಕಾಯುವುದಿಲ್ಲ. ಮಗು ಸದ್ಯಕ್ಕೆ ಯಾರ ಬಳಿ ಇರಬೇಕು, ಇನ್ನೊಬ್ಬರು ಯಾವಾಗ ನೋಡಬೇಕು, ಖರ್ಚು ಯಾರು ಕೊಡಬೇಕು ಎಂಬುದನ್ನು ಕೋರ್ಟು ಮಧ್ಯಂತರ ಆದೇಶದಲ್ಲಿ ಹೇಳುತ್ತದೆ. ಗಂಡ ದಾವಣಗೆರೆಯಲ್ಲಿದ್ದಾನೆ, ಹೆಂಡತಿ ಆರು ವರ್ಷದ ಮಗಳೊಂದಿಗೆ ಚಳ್ಳಕೆರೆಯ ತವರಿನಲ್ಲಿದ್ದಾಳೆ ಎಂದಿಟ್ಟುಕೊಳ್ಳೋಣ.

ಎಲ್ಲಿ ಹಾಕಬೇಕು?

ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಅರ್ಜಿ ಈಗಾಗಲೇ ನಡೆಯುತ್ತಿದ್ದರೆ, ಅದೇ ಕೋರ್ಟಿನಲ್ಲಿ 26ನೇ ಕಲಮಿನಡಿ ಮಧ್ಯಂತರ ಅರ್ಜಿ ಹಾಕಬಹುದು. ಮಗುವಿನ ಪೋಷಣೆ ಮತ್ತು ಶಿಕ್ಷಣದ ಖರ್ಚಿನ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಅಂಥ ಪ್ರಕರಣ ಇಲ್ಲದಿದ್ದರೆ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಿದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಇದರಡಿ ಮಗು ಸಾಮಾನ್ಯವಾಗಿ ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿಗೆ ಹೋಗಬೇಕು. ಮಗಳು ಚಳ್ಳಕೆರೆಗೆ ಬಂದು ಹದಿನೈದೇ ದಿನವಾಗಿದ್ದರೆ ಇದೇ ಒಂದು ತಕರಾರಾಗುತ್ತದೆ. ಆದ್ದರಿಂದ ಶಾಲೆಯ ದಾಖಲಾತಿ, ವರ್ಗಾವಣೆ ಪತ್ರಗಳನ್ನು ಮೊದಲೇ ಜೋಡಿಸಿಕೊಳ್ಳಿ.

ಅರ್ಜಿಯ ಜೊತೆಗಿನ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಏನು ಬರೆಯಬೇಕು?

ಬಹಳಷ್ಟು ಅರ್ಜಿಗಳು ದಾರಿ ತಪ್ಪುವುದು ಇಲ್ಲೇ. ಪುಟಗಟ್ಟಲೆ ಗಂಡನ ದೋಷ, ಅತ್ತೆಯ ಮಾತು, ಮದುವೆಯ ಖರ್ಚು ತುಂಬಿರುತ್ತದೆ. ಮಗುವಿನ ಹೆಸರು ಮಾತ್ರ ಕೊನೆಯ ಪ್ಯಾರಾದಲ್ಲಿ ಒಮ್ಮೆ ಬರುತ್ತದೆ. ನ್ಯಾಯಾಧೀಶರು ನೋಡುವುದು ಮಗುವಿನ ಹಿತವನ್ನು. ಮಕ್ಕಳು ತಂದೆತಾಯಿಯ ಸ್ವತ್ತಲ್ಲ ಎಂದು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ.

ಹಾಗಾಗಿ ಮಗುವಿನ ಒಂದು ದಿನವನ್ನು ಬರೆಯಿರಿ. ಬೆಳಿಗ್ಗೆ ಎಬ್ಬಿಸಿ ತಲೆ ಬಾಚುವವರು ಯಾರು, ಶಾಲೆಗೆ ಬಿಡುವವರು ಯಾರು, ಆಸ್ಪತ್ರೆಗೆ ಕರೆದೊಯ್ದವರು ಯಾರು, ನೀವು ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವರು ಯಾರು? ಲಸಿಕೆ ಕಾರ್ಡು, ಅಂಕಪಟ್ಟಿ, ಶುಲ್ಕದ ರಸೀದಿ, ವೈದ್ಯರ ಚೀಟಿ ಲಗತ್ತಿಸಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ನಮ್ಮ ಉದಾಹರಣೆಯ ಮಗಳಿಗೆ ಆರು. ಆದ್ದರಿಂದ ಆ ಒಂದು ಮಾತನ್ನು ನೆಚ್ಚಿ ಕೂರುವಂತಿಲ್ಲ.

ಮಗುವಿಗೆ ತಿಳಿವಳಿಕೆ ಬಂದಿದ್ದರೆ ನ್ಯಾಯಾಧೀಶರು ತಮ್ಮ ಕೊಠಡಿಯಲ್ಲೇ ಮಾತನಾಡಿಸಬಹುದು. ದಯವಿಟ್ಟು ಏನು ಹೇಳಬೇಕೆಂದು ಕಲಿಸಿ ಕಳಿಸಬೇಡಿ. ಬಾಯಿಪಾಠ ಗೊತ್ತಾಗಿಬಿಡುತ್ತದೆ, ಅಪ್ಪನ ಮೇಲೋ ಅಮ್ಮನ ಮೇಲೋ ಸಾಕ್ಷಿ ಹೇಳಿದ ಭಾರ ಮಗುವಿನ ಮೇಲೆ ಉಳಿಯುತ್ತದೆ.

ಕೇಳಿಕೆ ಸ್ಪಷ್ಟವಾಗಿರಲಿ

‘ಆಗಾಗ ಭೇಟಿಗೆ ಅವಕಾಶ’ ಎಂಬ ಆದೇಶ ಹೊಸ ಜಗಳಕ್ಕೆ ದಾರಿ. ‘ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಚಳ್ಳಕೆರೆಯ ಅಜ್ಜಿಯ ಮನೆಯಲ್ಲಿ ಒಪ್ಪಿಸಿ, ಅಲ್ಲಿಗೇ ವಾಪಸು ಬಿಡುವುದು, ಬುಧವಾರ ಸಂಜೆ 7ಕ್ಕೆ ವಿಡಿಯೊ ಕರೆ’ ಎಂದು ಕೇಳಿ. ದಸರಾ ರಜೆ, ಬೇಸಿಗೆ ರಜೆ ಹೇಗೆ ಹಂಚಿಕೆ ಎಂಬುದೂ ಇರಲಿ. ನಾಯಕನಹಟ್ಟಿಯ ತೇರಿಗೆ ಮಗಳನ್ನು ಕರೆದೊಯ್ಯಬೇಕೆಂಬ ಆಸೆ ಎರಡೂ ಮನೆಗಿರುತ್ತದೆ, ಪರೀಕ್ಷೆಯೂ ಅದೇ ಹೊತ್ತಿಗೆ ಬರುತ್ತದೆ. ಅದನ್ನೂ ಮೊದಲೇ ಬರೆಸಿಕೊಳ್ಳಿ. ಬಸ್ ನಿಲ್ದಾಣದಲ್ಲಿ ಮಗುವನ್ನು ಕೈ ಬದಲಿಸುವ ಏರ್ಪಾಡು ಮಾತ್ರ ಬೇಡ. ಜನರ ನಡುವೆ ದೊಡ್ಡವರ ದನಿ ಏರಿದರೆ ಮಗು ನಡುಗಿಹೋಗುತ್ತದೆ.

ಅಪಾಯವಿದ್ದರೆ ದಾರಿಯೇ ಬೇರೆ

ಹೊಡೆತ, ಕುಡಿತದ ಹಿಂಸೆ, ಲೈಂಗಿಕ ಕಿರುಕುಳದ ಸುಳಿವು ಇದ್ದಲ್ಲಿ ಮುಂದಿನ ವಾಯಿದೆಗೆ ಕಾಯಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಯ ಸುಪರ್ದಿಗೆ ಕೊಡಬಹುದು. ಭೇಟಿಯಿಂದ ಮಗುವಿಗೆ ಹಾನಿ ಎನಿಸಿದರೆ ಅದನ್ನು ನಿರಾಕರಿಸಲೇಬೇಕು. 23ನೇ ಕಲಮಿನಡಿ ಎದುರು ಪಕ್ಷದವರು ಬರುವ ಮುನ್ನವೇ ಆದೇಶ ನೀಡುವ ಅಧಿಕಾರವೂ ಅವರಿಗಿದೆ. ತಾತ್ಕಾಲಿಕವಾಗಿ ನೆಲೆಸಿರುವ ಊರಿನಲ್ಲೇ ಈ ಅರ್ಜಿ ಹಾಕಬಹುದಾದ್ದರಿಂದ, ತವರಿಗೆ ಬಂದ ತಾಯಿ ದಾವಣಗೆರೆಗೆ ಅಲೆಯಬೇಕಿಲ್ಲ. ಮಗುವಿನ ಸಹಾಯವಾಣಿ 1098, ತುರ್ತಿಗೆ 112. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸುವುದು, ಮಕ್ಕಳನ್ನು ಇಂಥ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಕಡ್ಡಾಯ; ಮನೆತನದ ಮಾನದ ಹೆಸರಿನಲ್ಲಿ ಹಿರಿಯರು ಮುಚ್ಚಿಹಾಕುವಂತಿಲ್ಲ. ಹಾಗೆಯೇ, ಸೇಡಿಗಾಗಿ ಇಂಥ ಆರೋಪ ಹೊರಿಸುವುದು ಮಗುವಿಗೆ ಮಾಡುವ ಇನ್ನೊಂದು ಅನ್ಯಾಯ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಆದೇಶ ಬಂದ ಮೇಲೆ

ದೃಢೀಕೃತ ನಕಲು ಪಡೆದು ಒಂದು ಪ್ರತಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಡಿ. ಗೇಟಿನಲ್ಲಿ ಮಗುವನ್ನು ಯಾರ ಕೈಗೆ ಕೊಡಬೇಕೆಂಬ ಗೊಂದಲ ಅವರಿಗೆ ಇರಬಾರದು. ಇನ್ನೊಬ್ಬರು ಆದೇಶ ಮುರಿದರೆ ದಿನಾಂಕ ಸಮೇತ ಬರೆದಿಟ್ಟುಕೊಂಡು ಅದೇ ಕೋರ್ಟಿಗೆ ಅರ್ಜಿ ಹಾಕಿ. ಶಾಲೆ ಬದಲಾದರೆ, ಊರು ಬದಲಾದರೆ, ಮಗುವಿನ ಆರೋಗ್ಯ ಕೆಟ್ಟರೆ ಆದೇಶವನ್ನು ಮಾರ್ಪಡಿಸಲು ಮತ್ತೆ ಕೇಳಬಹುದು.