ಚಿತ್ರದುರ್ಗದಿಂದ ಮಲ್ಪೆಗೆ: ಏರಿನ ಲೆಕ್ಕ ಹಾಕಿದ್ದು ಹೀಗೆ

“ಸಮುದ್ರ ಕೆಳಗೈತಲ್ಲಪ್ಪ, ಬರೀ ಇಳುಕಲೇ ಅಲ್ವಾ?” ಮಲ್ಪೆವರೆಗೆ ಸೈಕಲ್‌ನಲ್ಲಿ ಹೋಗುತ್ತೇನೆ ಅಂದಾಗ ದೊಡ್ಡಪ್ಪ ಕೇಳಿದ್ದು ಇದನ್ನೇ. ಚಿತ್ರದುರ್ಗ ಇರುವುದು ಸುಮಾರು 730 ಮೀಟರ್ ಎತ್ತರದಲ್ಲಿ. ತುದಿಗಳೆರಡನ್ನೇ ನೋಡಿದರೆ ಅವರ ಮಾತು ಸರಿ. ಕಾಲಿಗೆ ಲೆಕ್ಕ ಸಿಗುವುದು ಮಾತ್ರ ನಡುವಿನ ದಿಣ್ಣೆಗಳಲ್ಲಿ.

ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಉಡುಪಿ. ಇದು ನನ್ನ ದಾರಿ. ಮೊಬೈಲ್ ಆ್ಯಪ್ ಒಟ್ಟು ಏರು, ಅಂದರೆ ದಾರಿಯುದ್ದಕ್ಕೂ ಹತ್ತುವುದನ್ನೆಲ್ಲ ಕೂಡಿದರೆ, 2,300 ಮೀಟರ್ ಅಂದಿತು. ಅನುಮಾನ ಬಂತು. ಉಚಿತವಾಗಿ ಸಿಗುವ ಎತ್ತರದ ಮಾಹಿತಿಯಲ್ಲಿ ಬಹಳಷ್ಟು 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್‌ನಲ್ಲಿ ಅಳೆದದ್ದು. ದಟ್ಟ ಕಾಡಿನಲ್ಲಿ ರೇಡಾರ್ ನೆಲ ಮುಟ್ಟುವ ಮೊದಲೇ ಮರಗಳಿಗೆ ಬಡಿದು ವಾಪಸಾಗುತ್ತದೆ. ಹಾಗಾಗಿ ಮಂಡಗದ್ದೆ ದಾಟಿದ ಮೇಲೆ ಆ್ಯಪ್‌ನ ಗೆರೆ ಗರಗಸದ ಹಲ್ಲಿನ ಹಾಗಿತ್ತು. ಒಂದೊಂದು ಹಲ್ಲೂ ಒಟ್ಟು ಮೊತ್ತಕ್ಕೆ ಸೇರಿಬಿಡುತ್ತದೆ.

ಸರ್ವೆ ಆಫ್ ಇಂಡಿಯಾ ನಕ್ಷೆ ಹರಡಿಕೊಂಡು ಕೂತೆ. ಅದರಲ್ಲಿ 20 ಮೀಟರ್ ಎತ್ತರಕ್ಕೊಂದು ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ರಸ್ತೆ ರೇಖೆಯನ್ನು ದಾಟುವ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿದೆ. ನಾಲ್ಕು ಸಂಜೆ ಹಿಡಿಯಿತು. ಒಟ್ಟು ಏರು ಸುಮಾರು 1,400 ಮೀಟರ್ ಬಂತು. ಸಣ್ಣ ದಿಣ್ಣೆಗಳು ಇದರಲ್ಲಿ ತಪ್ಪಿಹೋಗುತ್ತವೆ, ಅದೂ ಗೊತ್ತಿತ್ತು.

ಕೊನೆಗೆ ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಆಲ್ಟಿಮೀಟರ್ ಕೊಂಡೆ. ಮೊದಲು ಮನೆಯ ಮೇಜಿನ ಮೇಲೆ ಸುಮ್ನೆ ಇಟ್ಟು ನೋಡಿದೆ. ಬೆಳಿಗ್ಗೆ 10ರಿಂದ ಸಂಜೆ 4ರ ಹೊತ್ತಿಗೆ ನಮ್ಮ ಮನೆ 27 ಮೀಟರ್ ಮೇಲೆ ಹೋಗಿತ್ತು! ನಮ್ಮ ಕಡೆ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಜಾಸ್ತಿ, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಇದು ದಿನಾ ನಡೆಯುವಂಥದ್ದು. ಒತ್ತಡ ಕಡಿಮೆಯಾದರೆ ಆಲ್ಟಿಮೀಟರ್ ಮೇಲೆ ಹತ್ತಿದೆವು ಅಂದುಕೊಳ್ಳುತ್ತದೆ. ಆದ್ದರಿಂದ ದಾರಿಯಲ್ಲಿ ಆಗಾಗ ಸರಿಮಾಡಿಕೊಳ್ಳಲೇಬೇಕು. ಅದಕ್ಕೆ ರೈಲು ನಿಲ್ದಾಣದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದೆ. ಚಿತ್ರದುರ್ಗದಲ್ಲಿ ಹೊಂದಿಸಿಕೊಂಡು ಹೊರಟೆ, ಶಿವಮೊಗ್ಗದಲ್ಲಿ ಮತ್ತೆ ಹೊಂದಿಸಿದೆ.

ಚನ್ನಗಿರಿವರೆಗೆ ಹೇಳುವಂಥದ್ದೇನೂ ಇಲ್ಲ. ನನ್ನನ್ನು ಸುಸ್ತು ಮಾಡಿದ್ದು ಶಿವಮೊಗ್ಗ–ತೀರ್ಥಹಳ್ಳಿ ದಾರಿ. ಒಂದು ಊರು ಸುಮಾರು 570 ಮೀಟರ್, ಇನ್ನೊಂದು ಸುಮಾರು 590. ವ್ಯತ್ಯಾಸ ಬರೀ 20. ಆದರೆ ಆ 60 ಕಿಲೋಮೀಟರ್‌ನಲ್ಲಿ ನಾನು ಹತ್ತಿದ್ದು 400ಕ್ಕೂ ಜಾಸ್ತಿ. ರಸ್ತೆ ತುಂಗೆಯ ಪಕ್ಕದಲ್ಲೇ ಇದ್ದರೂ ಹಳ್ಳ ಬಂದಾಗಲೆಲ್ಲ ಇಳಿಯುತ್ತದೆ, ಮತ್ತೆ ಏರುತ್ತದೆ. ಈ ಭಾಗವನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಂಡಿದ್ದು ನನ್ನ ತಪ್ಪು. ನೀವು ಹೋದರೆ ಶಿವಮೊಗ್ಗದಲ್ಲಿ ಉಳಿದು ಬೆಳಗಿನ ಜಾವ ಹೊರಡಿ.

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಪೆಡಲ್ ತುಳಿಯುವ ಕೆಲಸವೇ ಇಲ್ಲ. ಬ್ರೇಕ್ ಕೈಯಲ್ಲಿ ಹಿಡಿದೇ ಇದ್ದರೆ ರಿಮ್ ಕಾಯುತ್ತದೆ, ಟ್ಯೂಬ್ ಒಡೆಯಬಹುದು. ಎರಡೆರಡು ತಿರುವಿಗೆ ನಿಂತು ರಿಮ್ ತಣ್ಣಗಾದ ಮೇಲೆ ಹೊರಟೆ. ಕಿವಿ ಗುಂಯ್ ಅಂದಾಗ ಎಷ್ಟು ಬೇಗ ಇಳಿದೆ ಅಂತ ಅರ್ಥವಾಯಿತು.

ಮಲ್ಪೆಯಲ್ಲಿ ಅಲೆ ಕಾಲಿಗೆ ತಾಗುವಾಗ ಆಲ್ಟಿಮೀಟರ್ 19 ಅಂತ ತೋರಿಸುತ್ತಿತ್ತು. ಆ 19 ಮೀಟರನ್ನು ಶಿವಮೊಗ್ಗದಿಂದ ಈಚೆಗಿನ ದಾರಿಗೆ ಹೊತ್ತಿನ ಪ್ರಕಾರ ಹಂಚಿ, ಮನೆಗೆ ಬಂದ ಮೇಲೆ ನಕ್ಷೆ ತಿದ್ದಿದೆ. ಒಟ್ಟು ಏರು 1,640 ಮೀಟರ್. ದೊಡ್ಡಪ್ಪನಿಗೆ ತೋರಿಸಿದಾಗ ಕನ್ನಡಕ ಹಾಕಿಕೊಂಡು, ತೀರ್ಥಹಳ್ಳಿವರೆಗಿನ ಗೆರೆಯ ಮೇಲೆ ನಿಧಾನಕ್ಕೆ ಬೆರಳಾಡಿಸಿದರು.